ಮನೆವಾರ್ತೆ: ಅತ್ತೆಯವರ ಗುಳಿಗೆ ಡಬ್ಬಿ



ಹೋದ ಸಂಚಿಕೆಯಲ್ಲಿ ಪುಂಡಿಪಲ್ಯದ ಬಗ್ಗೆ ಬರೆದು, ಈ ಸಲ ಜೋಳದ ವಡೆ ಮಾಡುವುದನ್ನು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ಸಲಕ್ಕಿರಲಿ, ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ವಯಸ್ಸಾದವರು ಇರುವ ಮನೆಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಮದುವೆಯಾಗಿ ಜನವಾಡಕ್ಕೆ ಬಂದ ವರ್ಷದಿಂದ ನಾನು ಮನೆಖರ್ಚಿನ ಲೆಕ್ಕ ಬರೆಯುತ್ತೇನೆ. ಮೆಟ್ರಿಕ್ ತನಕ ಓದಿದ್ದು ಅದಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದು ನಮ್ಮ ಮನೆಯವರು ನಗುತ್ತಾರೆ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಅವರಿಗೆ ಓದಿ ಹೇಳುವುದು ರೂಢಿ. ಹಾಲು ಇಷ್ಟು, ಕಿರಾಣಿ ಇಷ್ಟು, ಬೀದರಿನಲ್ಲಿ ಓದುವ ಮಗನ ರೂಮಿನ ಬಾಡಿಗೆ ಇಷ್ಟು, ಸೋಯಾ ಬೀಜಕ್ಕೆ ಇಷ್ಟು. ಕೊನೆಗೆ ಔಷಧಿ. ಅತ್ತೆಯವರಿಗೆ ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ, ಕೊಬ್ಬಿಗೆ ಒಂದು ಗುಳಿಗೆ ಇದೆ. ಎಲ್ಲಾ ಸೇರಿ ತಿಂಗಳಿಗೆ 1,060 ರೂಪಾಯಿ. ಆ ಸಾಲು ಬಂದಾಗ ನನ್ನ ದನಿ ತಾನಾಗಿಯೇ ಏರುತ್ತಿತ್ತು. "ಔಷಧಿಗೇ ಸಾವಿರದ ಮ್ಯಾಲ ಹೊಂಟದ ನೋಡ್ರಿ" ಎಂದು ಒಂದು ಉಸಿರು ಬಿಡುತ್ತಿದ್ದೆ. ಯಾರ ಮೇಲೂ ಸಿಟ್ಟಿರಲಿಲ್ಲ. ಲೆಕ್ಕ ಹೇಳುವಾಗ ಬರುವ ಉಸಿರು ಅದು. ಅತ್ತೆಯವರು ಒಳಗೆ ಗೋಡೆಗೆ ಒರಗಿ ಕೂತಿರುತ್ತಿದ್ದರು.

ಒಂದು ಮಳೆಗಾಲ ಕಳೆದ ಮೇಲೆ ಆ ಖರ್ಚು ಇಳಿಯತೊಡಗಿತು. ಒಂದು ತಿಂಗಳು 1,060 ಇದ್ದದ್ದು ಮರುತಿಂಗಳು 700, ಆಮೇಲೆ 500. "ಅತ್ತಿ, ಗುಳಿಗಿ ತರಬೇಕೇನು?" ಅಂದರೆ "ಇನ್ನಾ ಅವ ತಗೀವ್ವ, ಮುಗಿದ ಮ್ಯಾಲ ಹೇಳ್ತೀನಿ" ಅನ್ನುವರು. ನಾನು ಸಂತೋಷಪಟ್ಟೆ. ಈ ಮಾತು ಬರೆಯುವಾಗ ಕೈ ನಡುಗುತ್ತದೆ, ಆದರೆ ನಿಜ. ಖರ್ಚು ಇಳಿದದ್ದಕ್ಕೆ ಸಂತೋಷಪಟ್ಟೆ, ಯಾಕೆ ಇಳಿಯಿತು ಎಂದು ಕೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ನಮ್ಮ ಕಡೆ ಆ ದಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಇಲ್ಲದೆ ಹಬ್ಬವಿಲ್ಲ. ಚರಗ ಚೆಲ್ಲಿ ಬಂದು ಊಟಕ್ಕೆ ಕೂರುವಾಗ ಅತ್ತೆಯವರು ತಲೆ ಹಿಡಿದುಕೊಂಡು ಹಾಗೇ ಕುಸಿದರು. ಮಾತು ತೊದಲಿತು. ಮೋಟರ್ ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಬೀದರಿಗೆ ಒಯ್ದೆವು. ಡಾಕ್ಟರರು ಬಿಪಿ ನೋಡಿದರೆ ಮೇಲಿನದು 190, ಕೆಳಗಿನದು 110. ಪುಣ್ಯಕ್ಕೆ ಲಕ್ವ ಹೊಡೆದಿರಲಿಲ್ಲ. ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಡಾಕ್ಟರರು ಮೆಲ್ಲಗೆ ಕೇಳಿದರು: "ಆಯಿ, ಗುಳಿಗಿ ದಿನಾ ತಗೊಳ್ಳತ್ತೀರೇನು?"

ಅತ್ತೆಯವರು ನೆಲ ನೋಡಿದರು.

ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರಂತೆ. ಕೆಲವು ದಿನ ಅರ್ಧ ಮುರಿದು. ಮನೆಗೆ ಬಂದ ಮೇಲೆ ರಾತ್ರಿ ನಾನೇ ಹತ್ತಿರ ಕೂತು ಕೇಳಿದೆ, ಯಾಕ ಹಿಂಗ ಮಾಡಿದ್ರಿ ಅಂತ. "ನೀ ಲೆಕ್ಕಾ ಓದೂದು ಕೇಳ್ಸತದಲ್ಲವ್ವಾ. ಹುಡುಗನ ಓದು ಅದ, ನನಗೇನು, ಎಪ್ಪತ್ತು ದಾಟ್ಯಾವ" ಅಂದರು. ದೂರುವ ದನಿ ಅದರಲ್ಲಿ ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಔಷಧಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮಗ ಫೋನಿನಲ್ಲಿ ಹುಡುಕಿ, "ಅವ್ವಾ, ಜನೌಷಧಿ ಅಂಗಡಿಯಾಗ ಇವೇ ಗುಳಿಗಿ ಸಸ್ತಾ ಸಿಗತಾವ" ಎಂದು ಹೇಳಿದ. ಹೆಸರು ಕೇಳಿದ್ದೆ, ಬೀದರಿನಲ್ಲಿ ಬೋರ್ಡೂ ನೋಡಿದ್ದೆ. ಆದರೆ ಸಸ್ತಾ ಎಂದರೆ ನಮಗೆ ಅನುಮಾನ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈಗಳಲ್ಲವೇ ಇವು! ಔಷಧಿಯಲ್ಲಿ ಕಲ್ಲು ಆರಿಸಲು ಬರುವುದಿಲ್ಲವಲ್ಲ ಎಂದು ನಾನೂ ಹಿಂಜರಿದೆ. ಅದಕ್ಕೇ ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರರನ್ನೇ ಕೇಳಿದೆ. ಅವರು ಹೇಳಿದ್ದನ್ನು, ಮಗ ಓದಿ ಹೇಳಿದ್ದನ್ನು, ನನಗೆ ತಿಳಿದಂತೆ ಹೇಳುತ್ತೇನೆ.

ಪ್ರತಿ ಗುಳಿಗೆಗೂ ಎರಡು ಹೆಸರು. ಒಂದು ಒಳಗಿನ ಔಷಧದ ಹೆಸರು, ಅದು ಯಾವ ಕಂಪನಿ ಮಾಡಿದರೂ ಒಂದೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿಪಿಯ ಅಮ್ಲೋಡಿಪಿನ್, ಜ್ವರದ ಪ್ಯಾರಾಸಿಟಮಾಲ್ ಇವೆಲ್ಲ ಅಂಥವು. ಇನ್ನೊಂದು ಕಂಪನಿ ಇಟ್ಟ ಹೆಸರು, ದೊಡ್ಡ ಅಕ್ಷರದಲ್ಲಿ ಹೊಳೆಯುವುದು. ಒಂದೇ ಮೆಟ್‌ಫಾರ್ಮಿನ್ನಿಗೆ ಹತ್ತಾರು ಕಂಪನಿಗಳ ಹತ್ತಾರು ಹೆಸರು, ಹತ್ತಾರು ದರ. ನಮ್ಮ ತೊಗರಿಯನ್ನೇ ನೋಡಿ. ನಮ್ಮ ಹೊಲದಲ್ಲಿ ಬೆಳೆದ ತೊಗರಿ ಅಡತ್ ಅಂಗಡಿಗೆ ಹೋಗಿ, ಮಿಲ್ಲಿಗೆ ಹೋಗಿ, ಬಣ್ಣದ ಪ್ಯಾಕೀಟಿನಲ್ಲಿ ತಿರುಗಿ ಬಂದರೆ ದರ ಬೇರೆ. ಬೇಳೆ ಅದೇ. ಹೊಸ ಔಷಧವನ್ನು ಮೊದಲು ಕಂಡುಹಿಡಿದ ಕಂಪನಿಗೆ ಕೆಲವು ವರ್ಷ ಅದರ ಹಕ್ಕು ಇರುತ್ತದೆ. ಆ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಲೈಸೆನ್ಸು ಪಡೆದು ತಯಾರಿಸಬಹುದು. ಅದೇ ಜೆನೆರಿಕ್ ಔಷಧಿ. ನಮ್ಮ ಅಂಗಡಿಗಳಲ್ಲಿ ದೊಡ್ಡ ಹೆಸರಿನಿಂದ ಮಾರುವ ಗುಳಿಗೆಗಳೂ ಬಹುಪಾಲು ಜೆನೆರಿಕ್ಕೇ, ಮೇಲೆ ಹೆಸರು ಹಚ್ಚಿದ್ದಾರೆ ಎಂದು ಡಾಕ್ಟರರು ಅಂದಾಗ ನಾನು ಬಾಯಿ ಬಿಟ್ಟುಕೊಂಡು ಕೂತೆ. ಹೆಚ್ಚಿನ ದುಡ್ಡು ಹೋಗುವುದು ಆ ಹೆಸರನ್ನು ಊರೂರಿಗೆ ಸಾರುವುದಕ್ಕೆ, ಬ್ಯಾಗು ಹಿಡಿದು ದವಾಖಾನೆ ಬಾಗಿಲಲ್ಲಿ ಕಾಯುವ ಹುಡುಗರ ಪಗಾರಕ್ಕೆ, ನಡುವಿನವರ ಲಾಭಕ್ಕೆ.

ಜನೌಷಧಿ ಇವತ್ತಿನದಲ್ಲ. ಕೇಂದ್ರ ಸರ್ಕಾರ 2008ರ ನವೆಂಬರಿನಲ್ಲಿ ಅಮೃತಸರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಅಂಗಡಿ ತೆರೆಯಿತು. ಆಗ ಸರ್ಕಾರಿ ಔಷಧ ಕಂಪನಿಗಳಿಂದಲೇ ಮಾಲು ಬರಬೇಕೆಂದಿತ್ತು. ಮಾಲು ಸಾಲದೆ ಅಂಗಡಿಗಳು ಬಾಡಿದವು. 2014ರ ಹೊತ್ತಿಗೆ ದೇಶದಲ್ಲೆಲ್ಲ ನಡೆಯುತ್ತಿದ್ದವು ನೂರಕ್ಕೂ ಕಡಿಮೆ. ಆಮೇಲೆ ಖಾಸಗಿ ತಯಾರಕರಿಂದಲೂ ಟೆಂಡರು ಕರೆದು ಕೊಳ್ಳತೊಡಗಿದರು. 2016ರಲ್ಲಿ ಈಗಿನ ಹೆಸರು ಬಂತು, ಪ್ರಧಾನಮಂತ್ರಿ ಭಾರತೀಯ ಜನೌಷಧಿ ಪರಿಯೋಜನೆ ಎಂದು. 2023ರ ನವೆಂಬರಿಗೆ ಹತ್ತು ಸಾವಿರ ಅಂಗಡಿ, 2025ರ ಆರಂಭಕ್ಕೆ ಹದಿನೈದು ಸಾವಿರ. ಹೆಸರುವಾಸಿ ಮೊದಲ ಮೂರು ಕಂಪನಿಗಳ ದರದ ಸರಾಸರಿ ತೆಗೆದು, ಅದರ ಅರ್ಧಕ್ಕಿಂತ ಹೆಚ್ಚು ಇಡಬಾರದು ಎಂಬುದು ದರದ ನಿಯಮ. ಎಷ್ಟೋ ಔಷಧಿ ಅದಕ್ಕಿಂತ ಬಹಳ ಕೆಳಗೆ ಸಿಗುತ್ತವೆ. ಎರಡು ಸಾವಿರಕ್ಕೂ ಹೆಚ್ಚು ಬಗೆಯ ಔಷಧಿ ಪಟ್ಟಿಯಲ್ಲಿವೆ.

ಗುಣಮಟ್ಟದ ಮಾತು. ಗೋದಾಮಿಗೆ ಬಂದ ಪ್ರತಿ ಬ್ಯಾಚಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಅಂಗಡಿಗಳಿಗೆ ಕಳಿಸಬೇಕೆಂದು ನಿಯಮವಿದೆ. ಹಾಗೆಂದು ಎಲ್ಲವೂ ಚಿನ್ನ ಎಂದು ನಾನು ಹೇಳಲಾರೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಗುಣಮಟ್ಟವಿಲ್ಲದ ಬ್ಯಾಚುಗಳ ಪಟ್ಟಿ ಹೊರಡಿಸುತ್ತದೆ. ಮಗ ತೋರಿಸಿದ. ಅದರಲ್ಲಿ ಅಗ್ಗದ ಔಷಧಿಯೂ ಇರುತ್ತದೆ, ದೊಡ್ಡ ದೊಡ್ಡ ಹೆಸರಿನದೂ ಇರುತ್ತದೆ. ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ನಿಶ್ಚಿಂತೆಯಿಲ್ಲ ಎಂಬುದು ನನಗೆ ಅಂದೇ ತಿಳಿದದ್ದು.

ಇದರ ಹಿಂದೆ ಹಳೆಯ ಕತೆಯೊಂದಿದೆ. 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದಾಗ, ಔಷಧದ ಮೇಲೆ ಯಾರದೂ ಹಕ್ಕಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಎಂದಾಯಿತು. ಬೇರೆ ವಿಧಾನ ಕಂಡುಕೊಂಡು ನಮ್ಮವರು ಅಗ್ಗವಾಗಿ ತಯಾರಿಸಿದರು. ನಮಗೆ ಹತ್ತಿರದ ಹೈದರಾಬಾದಿನಲ್ಲಿ ಸರ್ಕಾರಿ ಐಡಿಪಿಎಲ್ ಕಾರ್ಖಾನೆ ಇತ್ತು. ಅದರ ಸುತ್ತ ಕಲಿತವರಿಂದಲೇ ಆ ಊರು ಔಷಧಿಯ ಊರಾಯಿತು ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ 1981ರಲ್ಲಿ ಹುಟ್ಟಿತು. 1975ರಲ್ಲೇ ಹಾಥಿ ಸಮಿತಿ, ಔಷಧಿಗಳ ವ್ಯಾಪಾರಿ ಹೆಸರುಗಳನ್ನು ಹಂತಹಂತವಾಗಿ ತೆಗೆದುಹಾಕಿ ಎಂದು ಸರ್ಕಾರಕ್ಕೆ ಹೇಳಿತ್ತು. ಅದು ಪೂರ್ತಿ ಆಗಲೇ ಇಲ್ಲ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರರೆಲ್ಲ ಮೂಲ ಹೆಸರನ್ನೇ ಬರೆಯಬೇಕೆಂದು ನಿಯಮ ಮಾಡಿತು, ಅದೇ ತಿಂಗಳಲ್ಲಿ ತಡೆಹಿಡಿಯಿತು.

ಇಲ್ಲಿ ಒಂದು ಮಾತು, ಸಿಟ್ಟಿನದು. ನಮ್ಮ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿಗೆ ಬೇಕಾದ ರಾಸಾಯನಿಕ ಮಾಡುವ ಕಾರ್ಖಾನೆಗಳಿವೆ. ವಾಸನೆ ತಡೆಯಲಾಗುವುದಿಲ್ಲ, ನೀರು ಕೆಡುತ್ತದೆ ಎಂದು ಸುತ್ತಲಿನ ಹಳ್ಳಿಯವರ ದೂರು ಪೇಪರಿನಲ್ಲಿ ಎಷ್ಟು ಸಲ ಬಂದಿದೆ. ಔಷಧಿಯ ವಾಸನೆ ನಮ್ಮ ಪಾಲಿಗೆ, ಔಷಧಿ ಮಾತ್ರ ಅರ್ಧ ಮುರಿದು ತಿನ್ನುವ ಹಾಗೆ!

ಇರಲಿ. ಡಾಕ್ಟರರು ಹಳೇ ಚೀಟಿ ಬದಿಗಿಟ್ಟು, ಮೂಲ ಹೆಸರುಗಳನ್ನು ಬಿಡಿಸಿ ಬಿಡಿಸಿ ಬೇರೆ ಚೀಟಿ ಬರೆದುಕೊಟ್ಟರು. ಇದು ಮುಖ್ಯ. ಒಂದು ಕಂಪನಿ ಹೆಸರಿನ ಚೀಟಿ ಹಿಡಿದು ಹೋದರೆ ಅಂಗಡಿಯವರು ತಾವಾಗಿ ಬದಲಿಸಿ ಕೊಡುವಂತಿಲ್ಲ. "ಸಾಹೇಬ್ರ, ಔಷಧದ ಹೆಸರು ಬರೀರಿ, ಜನೌಷಧಿಯಾಗ ತಗೋತೀವಿ" ಎಂದು ಸಂಕೋಚಪಡದೆ ಕೇಳಿ. ಕೆಲವರು ಮುಖ ಗಂಟಿಕ್ಕಬಹುದು. ನಮ್ಮವರು ನಕ್ಕು ಬರೆದುಕೊಟ್ಟರು.

ಅಂಗಡಿಯಲ್ಲಿ ಒಂದು ತಿಂಗಳ ಗುಳಿಗೆ ಕಟ್ಟಿಸಿ ಬಿಲ್ಲು ನೋಡಿದರೆ 212 ರೂಪಾಯಿ. ಏನೋ ಬಿಟ್ಟುಹೋಗಿದೆ ಎಂದು ನಾನು ಎರಡು ಸಲ ಎಣಿಸಿದೆ. ಬಿಪಿದು ಇತ್ತು, ಸಕ್ಕರೆದು ಇತ್ತು, ಕೊಬ್ಬಿಂದು ಇತ್ತು. ಜೊತೆಗೆ ಒಂದು ರೂಪಾಯಿಗೊಂದರಂತೆ ಸುವಿಧಾ ಎಂಬ ಸ್ಯಾನಿಟರಿ ಪ್ಯಾಡುಗಳನ್ನೂ ನಾದಿನಿಯ ಮಗಳಿಗೆಂದು ತಂದೆ. 2019ರ ಆಗಸ್ಟಿನಿಂದ ಅವುಗಳಿಗೆ ಆ ದರ. ಹೆಣ್ಣುಮಕ್ಕಳಿರುವ ಮನೆಯವರು ತಿಳಿದಿರಲಿ ಎಂದು ಬರೆದೆ.

ಅತ್ತೆಯವರು ಮಾತ್ರ ಒಪ್ಪಲಿಲ್ಲ. "ಇನ್ನೂರು ರೂಪಾಯಿ ಗುಳಿಗಿ ಬ್ಯಾನಿ ಕಳೀತಾವ? ನನ್ನ ಸಮಾಧಾನಕ್ಕ ಸುಳ್ಳ ಗುಳಿಗಿ ತಂದೀರಿ" ಅಂದರು. ಅವರ ಮಾತಿನಲ್ಲಿ ಇನ್ನೊಂದು ನೋವೂ ಇತ್ತು. ದುಬಾರಿ ಎಂದು ತಾವು ಬಿಟ್ಟರು, ಈಗ ನಾವು ಅಗ್ಗದ್ದು ಹುಡುಕಿ ತಂದೆವು. ಕೇಳಿದವರಿಗೆ ಹೇಗನಿಸಬೇಕು? ನಾನು ವಾದ ಮಾಡಲಿಲ್ಲ. ತಿಂಗಳು ದಿನಾ ಕೊಟ್ಟು ಡಾಕ್ಟರರ ಬಳಿ ಕರೆದೊಯ್ದೆ. ಬಿಪಿ 140, 86. ಡಾಕ್ಟರರು ಅವರಿಗೇ ಓದಿ ಹೇಳಿದರು. ಬಸ್ಸಿನಲ್ಲಿ ಬರುವಾಗ "ಖರೇನೇ ಇದ್ದಾವ ಹಾಂಗಾದ್ರ" ಎಂದು ಕಿಟಕಿ ಕಡೆ ಮುಖ ಮಾಡಿಕೊಂಡು ಅಂದರು.

ಇಷ್ಟು ಬರೆದು, ತೊಂದರೆಗಳನ್ನು ಹೇಳದಿದ್ದರೆ ಸುಳ್ಳು ಬರೆದಂತಾಗುತ್ತದೆ.

ಮೊದಲನೆಯದು ಬಣ್ಣ. ಅತ್ತೆಯವರಿಗೆ ಓದು ಬಾರದು. ಗುಲಾಬಿ ಬಣ್ಣದ್ದು ಬಿಪಿಗೆ, ಉದ್ದಂದು ಸಕ್ಕರೆಗೆ ಎಂದು ಬಣ್ಣ ಆಕಾರದ ಮೇಲೆ ಗುರುತಿಟ್ಟಿದ್ದರು. ಹೊಸವು ಬಂದವು, ಎಲ್ಲಾ ಬಿಳಿ. ಎರಡನೇ ವಾರವೇ ಹಳೆಯದೊಂದು ಹೊಸದೊಂದು ಸೇರಿಸಿ ತೆಗೆದುಕೊಳ್ಳುವುದರಲ್ಲಿದ್ದರು. ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತಿತ್ತು! ಅಂದೇ ಹಳೆಯವನ್ನೆಲ್ಲ ಮನೆಯಿಂದ ತೆಗೆದೆ. ಮೂರು ಸಣ್ಣ ಸ್ಟೀಲ್ ಡಬ್ಬಿ ತೊಳೆದು ಒಣಗಿಸಿ, ಬೆಳಗಿನದಕ್ಕೆ ಕೆಂಪು ದಾರ, ರಾತ್ರಿಯದಕ್ಕೆ ಕರಿ ದಾರ, ಊಟಕ್ಕೆ ಮೊದಲಿನದಕ್ಕೆ ಹಳದಿ ದಾರ ಸುತ್ತಿದೆ. ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಹಾಕಬೇಡಿ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಕತ್ತರಿಯಿಂದ ಒಂದೊಂದೇ ಹಾಳೆ ಸಮೇತ ಕತ್ತರಿಸಿ, ವಾರದ್ದನ್ನು ಮಾತ್ರ ಡಬ್ಬಿಯಲ್ಲಿ ಇಡಿ. ಹೆಸರು, ಕಡೆಯ ತಾರೀಖು ಇರುವ ತುಂಡನ್ನು ಕೊನೆಗೆ ಕತ್ತರಿಸಿ.

ಎರಡನೆಯದು, ಕೆಲವು ಸಲ ಮಾಲು ಇರುವುದಿಲ್ಲ. ಮೂರನೇ ತಿಂಗಳು ಹೋದರೆ ಒಂದು ಗುಳಿಗೆ ಮುಗಿದಿತ್ತು, ವಾರ ಬಿಟ್ಟು ಬನ್ನಿ ಅಂದರು. ವಾರ ಬಿಟ್ಟರೆ ಮತ್ತೆ ಹಳೇ ಕತೆ. ಆ ಒಂದನ್ನು ಏಳು ದಿನಕ್ಕಾಗುವಷ್ಟು ಬೇರೆ ಅಂಗಡಿಯಲ್ಲಿ ಕೊಂಡೆ. ಅಂದಿನಿಂದ ಇನ್ನೂ ಹತ್ತು ದಿನದ ಗುಳಿಗೆ ಇರುವಾಗಲೇ ಹೋಗುತ್ತೇನೆ. ಜನೌಷಧಿ ಸುಗಮ್ ಎಂಬ ಆಪ್‌ನಲ್ಲಿ ಹತ್ತಿರದ ಅಂಗಡಿ, ದರ ನೋಡಬಹುದು. ಮಕ್ಕಳಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ.

ಮೂರ್ಛೆ ರೋಗ, ಥೈರಾಯ್ಡ್, ರಕ್ತ ತೆಳ್ಳಗೆ ಮಾಡುವ ಔಷಧಿ ತೆಗೆದುಕೊಳ್ಳುವವರು ಮಾತ್ರ ನನ್ನ ಬರಹ ಓದಿ ತಾವಾಗಿ ಬದಲಿಸಬೇಡಿ. ಅವುಗಳಲ್ಲಿ ಅಳತೆ ಬಹಳ ಸೂಕ್ಷ್ಮವಂತೆ. ಡಾಕ್ಟರರು ಹೂಂ ಅಂದರೆ ಮಾತ್ರ.

ಇನ್ನು ಕೈಯಲ್ಲಿ 212 ಕೂಡ ಇಲ್ಲದವರು ಏನು ಮಾಡಬೇಕು? ಬಿಪಿ, ಸಕ್ಕರೆಯ ಸಾಮಾನ್ಯ ಗುಳಿಗೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಕೊಡಬೇಕೆಂದಿದೆ. ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಮೊದಲು ಅಲ್ಲಿಯೇ ಕೇಳಿ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಪುಕ್ಕಟೆ ಕೊಡುವ ಸರ್ಕಾರಿ ಆಸ್ಪತ್ರೆಯ ಆವರಣದೊಳಗೆ ಮಾರುವ ಅಂಗಡಿ ಯಾಕೆ ಎಂದು ಅಲ್ಲಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೇಳಿತು. ಅದು ಹೈಕೋರ್ಟಿಗೂ ಹೋಯಿತು. ಹೊರಗಿನ ಕೇಂದ್ರಗಳಿಗೆ ಆ ಆದೇಶ ಅನ್ವಯಿಸುತ್ತಿರಲಿಲ್ಲ. ಪುಕ್ಕಟೆ ಕೊಡಬೇಕೆಂಬುದು ನ್ಯಾಯವೇ. ಆದರೆ ಒಳಗೆ ಪುಕ್ಕಟೆಯದು ಮುಗಿದ ದಿನ, ಹೊರಗೆ ಸಾವಿರದ ಅಂಗಡಿ ಒಂದೇ ಉಳಿದರೆ ಬಡವರ ಗತಿ? ದೊಡ್ಡವರ ಜಗಳದಲ್ಲಿ ಅದನ್ನು ಯಾರೂ ಮಾತಾಡಲಿಲ್ಲ ಎಂದು ನನಗೆ ಅನಿಸಿತು.

ನಮ್ಮ ಓಣಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡನಿಗೆ ದಮ್ಮು. ಅವಳಿಗೆ ಈ ವಿಷಯ ಹೇಳಿದಾಗ, "ವೈನಿ, ಬಸ್ಸು ನಮಗ ಪುಕ್ಕಟ ಅದ ಖರೆ, ಕೂಲಿ ಯಾರ ಕೊಡ್ತಾರ?" ಅಂದಳು. 2023ರ ಜೂನಿನಿಂದ ಬಸ್ಸಿನ ಚೀಟಿ ನಮಗೆ ಉಚಿತ. ಆದರೆ ಬೀದರಿಗೆ ಹೋಗಿ ಬರುವುದರಲ್ಲಿ ಅವಳ ಒಂದು ದಿನದ ಕೂಲಿ ಹೋಗುತ್ತದೆ. ಈಗ ನಾನು ಹೋಗುವಾಗ ಅವಳ ಚೀಟಿಯನ್ನೂ ಒಯ್ಯುತ್ತೇನೆ. ಕ್ರಮೇಣ ಓಣಿಯಲ್ಲಿ ನಾಲ್ಕು ಮನೆಯವರಾದೆವು. ಸರದಿ ಹಚ್ಚಿಕೊಂಡಿದ್ದೇವೆ. ಮನೆಗೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಡಾಕ್ಟರರ ಚೀಟಿ, ರೊಕ್ಕ, ಖಾಲಿಯಾದ ಹಾಳೆ. ಒಂದು ಮನೆಯದು ಇನ್ನೊಂದರಲ್ಲಿ ಸೇರಬಾರದು, ಅದೊಂದೇ ಕಟ್ಟುನಿಟ್ಟು. ನನ್ನ ಸರದಿ ಬಂದಾಗ ಮಂಡಿಯ ಸಂತೆಯನ್ನೂ ಮುಗಿಸಿಕೊಂಡು ಬರುತ್ತೇನೆ.

ಲೆಕ್ಕದ ಪುಸ್ತಕ ಈಗಲೂ ಬರೆಯುತ್ತೇನೆ. ಔಷಧಿಯ ಸಾಲು ಓದುವುದನ್ನು ಮಾತ್ರ ಬಿಟ್ಟಿದ್ದೆ. ಮೊನ್ನೆ ರಾತ್ರಿ ಹಾಲು, ಕಿರಾಣಿ ಎಲ್ಲಾ ಓದಿ ಪುಸ್ತಕ ಮುಚ್ಚುವಾಗ ಒಳಗಿನಿಂದ ಅತ್ತೆಯವರ ದನಿ ಬಂತು: "ಔಷಧಿ ಓದಲೇ ಇಲ್ಲಲ್ಲವ್ವಾ?"

"212, ಅತ್ತಿ" ಅಂದೆ.

"ಹಾಂ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಕರಿ ದಾರದ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು.

ಜೋಳದ ಹಿಟ್ಟು ಬೀಸಿಸಿ ಇಟ್ಟಿದ್ದೇನೆ. ವಡೆ ಮುಂದಿನ ಸಂಚಿಕೆಗೆ ಖಂಡಿತ.